ಪಡುವಣದ ಹಾದಿಯಲ್ಲಿ ಒಂದು ಮನೆತನ

ಮಕ್ಕಳು ಬರೆದ ಕಾಗದವನ್ನು ನೆಚ್ಚಿ, ಕೈಯಾರೆ ಹಸನು ಮಾಡಿದ ಹೊಲವನ್ನೂ ಕಷ್ಟಸುಖಕ್ಕೆ ಒದಗುತ್ತಿದ್ದ ನೆರೆಹೊರೆಯನ್ನೂ ಬಿಟ್ಟು, ಗಾಡಿಯನ್ನೇರಿ ಪಡುವಣಕ್ಕೆ ಹೊರಟ ತಾಯಿಯೊಬ್ಬಳು ನಡುದಾರಿಯಲ್ಲಿಯೇ ಮಣ್ಣುಗೂಡಿದಳು. ಆಕೆಯ ಮಗನು ಎಪ್ಪತ್ತೈದು ವರ್ಷದ ಮುದುಕನಾದ ಮೇಲೆ ಒಂದು ಜೊತೆ ಎತ್ತುಗಳನ್ನು ಕಟ್ಟಿಕೊಂಡು, ಅದೇ ಹಾದಿಯಲ್ಲಿ ಪಡುವಣದಿಂದ ಮೂಡಣಕ್ಕೆ ಮುಖಮಾಡಿ ಹೊರಟು, ಊರೂರಿನಲ್ಲಿಯೂ ಸ್ಮಾರಕದ ಕಲ್ಲುಗಳನ್ನು ನೆಡಿಸುತ್ತ ಹೋದನು. ತಾಯಿ ಹೊರಟದ್ದು 1854ರಲ್ಲಿ, ಮಗನು ಮರಳಿ ಹೊರಟದ್ದು 1906ರಲ್ಲಿ. ಅಮೆರಿಕದ ಜನರು ಮಗನ ಪ್ರಯಾಣವನ್ನು ಆದರದಿಂದ ಸ್ಮರಿಸುತ್ತಾರೆ. ನಾನಾದರೋ ಆ ನಾಡಿನಿಂದ ಹಿಂದಿರುಗಿ ಬಂದಂದಿನಿಂದ ತಾಯಿಯ ಪ್ರಯಾಣವನ್ನೇ ನೆನೆಯುತ್ತಿದ್ದೇನೆ.

ನನ್ನ ಅಕ್ಕನ ಮಗಳು ಮದುವೆಯಾದ ಮೇಲೆ ಗಂಡನೊಡನೆ ಸಿಯಾಟಲ್ ನಗರದ ದಕ್ಷಿಣಕ್ಕೆ ಮನೆ ಮಾಡಿಕೊಂಡು ನೆಲೆಸಿರುವಳು. ಆಕೆಯ ಒತ್ತಾಯಕ್ಕೆ ಮಣಿದು ನಾನು ಅಲ್ಲಿಗೆ ಹೋದದ್ದು ಸೆಪ್ಟೆಂಬರ್ ತಿಂಗಳಿನಲ್ಲಿ. ತೀರ್ಥಹಳ್ಳಿ ಸೀಮೆಯ ಮಳೆಯಲ್ಲಿ ಹುಟ್ಟಿ ಬೆಳೆದ ನನಗೆ ಆ ಪ್ರಾಂತದ ಹಸುರೂ ತೇವವೂ ಪರಕೀಯವೆನಿಸಲಿಲ್ಲ. ಆದರೆ ನಮ್ಮ ಮಳೆಗೆ ಗುಡುಗಿನ ಪೀಠಿಕೆಯೂ ಗಾಳಿಯ ಆರ್ಭಟವೂ ಉಂಟು, ಅಲ್ಲಿಯ ಮಳೆಯು ಸದ್ದಿಲ್ಲದೆ ಬಂದು, ದೇವದಾರು ಜಾತಿಯ ಎತ್ತರದ ಮರಗಳ ನಡುವೆ ಹನಿಹನಿಯಾಗಿ ಇಳಿದು, ಯಾವಾಗ ನಿಂತಿತೆಂಬುದೂ ತಿಳಿಯದಂತೆ ನಿಲ್ಲುತ್ತದೆ. ಮೋಡ ಸರಿದ ದಿನ ಮಾತ್ರ ಆಗ್ನೇಯದ ಅಂಚಿನಲ್ಲಿ ರೈನಿಯರ್ ಪರ್ವತವು ತನ್ನ ಹಿಮದ ಮೈಯನ್ನೆಲ್ಲ ತೋರುತ್ತ ನಿಲ್ಲುವುದು. ಹದಿನಾಲ್ಕು ಸಾವಿರ ಅಡಿಗಳಿಗೂ ಮೀರಿದ ಆ ಪರ್ವತವನ್ನು ಮೂಲನಿವಾಸಿಗಳು ತಹೋಮಾ ಎಂದು ಕರೆಯುತ್ತಿದ್ದರು. ಅದರ ಹಿಮನದಿಗಳಿಂದ ಹುಟ್ಟಿ ಬರುವ ಪ್ಯುಯಾಲಪ್ ನದಿಯ ಕಣಿವೆಯಲ್ಲಿ ಅದೇ ಹೆಸರಿನ ಊರೊಂದಿದೆ. ಆ ಊರಿನ ನಡುವೆ ಎಜ್ರಾ ಮೀಕರ್ ಎಂಬಾತನು ಕಟ್ಟಿಸಿದ ಮಹಲು ಇದೆ. “ಮಾವ, ನಿಮಗೆ ಹಳೇ ಮನೆ ಅಂದ್ರೆ ಇಷ್ಟ ಅಲ್ವಾ, ಇದನ್ನೊಂದು ನೋಡಿಬಿಡಿ,” ಎಂದು ಮಗು ನನ್ನನ್ನು ಅಲ್ಲಿಗೆ ಕರೆದೊಯ್ದಳು.

ಮಹಲನ್ನು ತೋರಿಸಲು ಬಂದಾಕೆ ಎಂಬತ್ತರ ಆಸುಪಾಸಿನ, ಬೆನ್ನು ಬಾಗದ ಒಬ್ಬ ವೃದ್ಧೆ. ಸಂಬಳವಿಲ್ಲದೆ ಊರಿನ ಇತಿಹಾಸ ಸಂಘದ ಪರವಾಗಿ ಈ ಸೇವೆಯನ್ನು ಮಾಡುತ್ತಿರುವವಳು. ಹದಿನೇಳು ಕೋಣೆಗಳ ಆ ಮನೆಯು 1890ರಲ್ಲಿ ಪೂರ್ಣಗೊಂಡಿತು. ಒಂದೊಂದು ಅಗ್ಗಿಷ್ಟಿಕೆಗೂ ಬೇರೆ ಬೇರೆ ಬಣ್ಣದ ಹೆಂಚು, ಮೆಟ್ಟಿಲಸಾಲಿನ ಮೇಲೆ ಬಣ್ಣದ ಗಾಜು, ಚಾವಣಿಯಲ್ಲಿ ಕುಂಚದಿಂದ ಬರೆದ ಹೂಬಳ್ಳಿ. ಇಷ್ಟನ್ನು ನೋಡಿ ನಾನು ಯಾವುದೋ ಹುಟ್ಟು ಶ್ರೀಮಂತನ ಮನೆಯಿರಬೇಕೆಂದು ಎಣಿಸುತ್ತಿರುವಾಗ, ಆ ತಾಯಿ ನಮ್ಮನ್ನು ಕಿಟಕಿಯ ಬಳಿ ಕೂರಿಸಿ, ತಾನೂ ಕುಳಿತು, ಈ ಮನೆತನದ ಕಥೆಯನ್ನು ಮೊದಲಿನಿಂದ ಹೇಳತೊಡಗಿದಳು. ಅನಂತರ ಮೀಕರನೇ ಬರೆದ ಸ್ಮೃತಿಗ್ರಂಥಗಳನ್ನು ನಾನು ಓದಿದೆನಾದರೂ, ಆಕೆಯ ಬಾಯಿಂದ ಕೇಳಿದ ಕಥೆಯ ಜಾಡೇ ನನ್ನಲ್ಲಿ ಉಳಿದಿದೆ.

ಎಜ್ರಾ ಮೀಕರ್ ಹುಟ್ಟಿದ್ದು 1830ರ ಡಿಸೆಂಬರಿನಲ್ಲಿ, ಓಹಾಯೋ ಸಂಸ್ಥಾನದಲ್ಲಿ. ತಂದೆ ಜೇಕಬ್, ತಾಯಿ ಫೀಬಿ. ಹುಡುಗನಿನ್ನೂ ಚಿಕ್ಕವನಿದ್ದಾಗಲೇ ಸಂಸಾರವು ಇಂಡಿಯಾನಾ ಸಂಸ್ಥಾನಕ್ಕೆ ಸರಿಯಿತು. ಅಲ್ಲಿ ಫೀಬಿಯ ತಂದೆ ಕೊಟ್ಟ ಸಾವಿರ ಡಾಲರುಗಳಿಂದ ಅವರಿಗೆ ಒಂದು ಹೊಲ ದೊರೆಯಿತು. ಶಾಲೆಯ ಪಾಠಕ್ಕೆ ಒಗ್ಗದ ಎಜ್ರಾ ಆ ಹೊಲದಲ್ಲಿಯೇ ಎತ್ತು ಹೂಡುವುದನ್ನು ಕಲಿತನು. ತವರಿನ ಹಣದಿಂದ ಬಂದ ನೆಲದಲ್ಲಿ ಮಕ್ಕಳನ್ನು ಬೆಳೆಸಿದ ತಾಯಿಯು, ಅದೇ ನೆಲವನ್ನು ಬಿಟ್ಟು ಮಕ್ಕಳ ಬೆನ್ನು ಹತ್ತಬೇಕಾಗಿ ಬಂದಿತೆಂಬುದನ್ನು ನೆನೆದರೆ, ಹೆಣ್ಣುಮಕ್ಕಳ ಬಾಳು ಎಲ್ಲ ನಾಡಿನಲ್ಲಿಯೂ ಎಷ್ಟು ಸಾರಿ ಬೇರು ಕಿತ್ತುಕೊಳ್ಳಬೇಕಾಗುವುದೋ ಎಂದು ಮನಸ್ಸು ಮರುಗುತ್ತದೆ.

1851ರಲ್ಲಿ ಎಜ್ರಾ ನೆರೆಯ ಸಮ್ನರ್ ಎಂಬವರ ಮಗಳಾದ ಎಲೈಜಾ ಜೇನಳನ್ನು ಮದುವೆಯಾಗಿ ಅಯೋವಾ ಪ್ರಾಂತಕ್ಕೆ ಹೋದನು; ಅಲ್ಲಿಯ ಚಳಿಗಾಲವನ್ನು ಸಹಿಸಲಾರದೆ, ಮರುವರ್ಷದ ಏಪ್ರಿಲಿನಲ್ಲಿ ಕೆಲವೇ ವಾರಗಳ ಹಸುಗೂಸನ್ನು ಎತ್ತಿಕೊಂಡು ದಂಪತಿಗಳು ಆರೆಗಾನಿನ ಹಾದಿ ಹಿಡಿದರು. ಅಣ್ಣ ಆಲಿವರನೂ ಜೊತೆಗಿದ್ದನು. ಎರಡು ಸಾವಿರ ಮೈಲಿಗಳ ಆ ಹಾದಿಗೆ ಅಷ್ಟು ಜನರನ್ನು ಸೆಳೆದದ್ದು ಮುಖ್ಯವಾಗಿ ನೆಲದ ಆಸೆ; 1850ರ ಶಾಸನವೊಂದು, ಆರೆಗಾನ್ ಸೀಮೆಯಲ್ಲಿ ಹೋಗಿ ನೆಲೆಸಿ ಸಾಗುವಳಿ ಮಾಡುವವರಿಗೆ ನೂರಾರು ಎಕರೆಗಳನ್ನು ಉಚಿತವಾಗಿ ಕೊಡುವುದೆಂದು ಸಾರಿತ್ತು. ಆ ನೆಲವನ್ನು ಅದರ ಹಿಂದಿನ ಒಡೆಯರಿಂದ ಆಗಿನ್ನೂ ಯಾರೂ ಪಡೆದಿರಲಿಲ್ಲ. 1852ರಲ್ಲಿ ಪಡುವಣಕ್ಕೆ ನಡೆದವರು ಅರ್ಧ ಲಕ್ಷಕ್ಕೂ ಮಿಗಿಲು. ಆ ವರ್ಷ ಪ್ಲ್ಯಾಟ್ ನದಿಯ ದಂಡೆಯುದ್ದಕ್ಕೂ ವಾಂತಿಭೇದಿಯ ಮಾರಿ ಹಬ್ಬಿತು. ಬೆಳಿಗ್ಗೆ ಗಾಡಿ ಹೂಡಿದವನು ಸಂಜೆಗೆ ಮಣ್ಣಿನೊಳಗಿರುತ್ತಿದ್ದನು. ಹೂಳಿದ ಮಣ್ಣನ್ನು ಕಾಡುಮೃಗಗಳು ಕೆದಕದಿರಲೆಂದು ಅದರ ಮೇಲೆಯೇ ಗಾಡಿಗಳನ್ನು ಹರಿಯಿಸಿ ಗುರುತಡಗಿಸಿ ಮುಂದೆ ಸಾಗುವುದೂ ಅಲ್ಲಿ ವಾಡಿಕೆಯಾಗಿದ್ದಿತು. ಮೀಕರ್ ದಂಪತಿಗಳು ಕೂಸಿನೊಡನೆ ಅಕ್ಟೋಬರ್ 1ರಂದು ಪೋರ್ಟ್‌ಲೆಂಡ್ ಊರನ್ನು ಜೀವಸಹಿತ ಮುಟ್ಟಿದರು. ಮುಂದೆ ಉತ್ತರಕ್ಕೆ ಸರಿದು ಪ್ಯೂಜೆಟ್ ಸೌಂಡ್ ಎಂಬ ಕಡಲ ಕವಲಿನ ತೀರದಲ್ಲಿ ಮರದ ದಿಮ್ಮಿಗಳ ಗುಡಿಸಲು ಕಟ್ಟಿದರು.

ಹೊಸ ನಾಡಿನ ಕಾಡು, ಮೀನು, ನೆಲ ಇವುಗಳನ್ನು ಕುರಿತು ಮಕ್ಕಳು ಮನೆಗೆ ಬರೆಯದಿರುತ್ತಾರೆಯೆ? ಆಲಿವರನು ಬಂದು ಕರೆದೊಯ್ಯುವುದಾದರೆ ನಾವೂ ಬರುವೆವೆಂದು ತಂದೆಯ ಮಾರುತ್ತರ ಬಂದಿತು. ಆಲಿವರನು ಹಿಂದಿರುಗಿ ಹೋದನು. 1854ರ ಬೇಸಗೆಯಲ್ಲಿ, ತನ್ನವರು ದಾರಿಯಲ್ಲಿದ್ದಾರೆ, ಅವರ ಬಳಿ ಆಹಾರ ಕಡಿಮೆಯಾಗಿದೆ ಎಂಬ ಸುದ್ದಿ ಎಜ್ರಾನಿಗೆ ಮುಟ್ಟಿತು. ಕ್ಯಾಸ್ಕೇಡ್ ಪರ್ವತಗಳ ನಡುವಣ ನಾಚೀಸ್ ಕಣಿವೆದಾರಿಯನ್ನು, ದಟ್ಟ ಕಾಡಿನಲ್ಲಿ ಮತ್ತೆ ಮತ್ತೆ ಅಡ್ಡಬರುವ ಹೊಳೆಗಳನ್ನು ದಾಟುತ್ತ, ಒಂದು ಕುದುರೆಯೊಡನೆ ಏಕಾಕಿಯಾಗಿ ಹಾಯ್ದು ಆತನು ಅವರನ್ನು ಎದುರುಗೊಂಡನು. ಗಾಡಿಗಳ ಬಳಿ ತಂದೆಯಿದ್ದನು, ಒಡಹುಟ್ಟಿದವರಿದ್ದರು, ತಾಯಿಯಿರಲಿಲ್ಲ. ಫೀಬಿ ಪ್ಲ್ಯಾಟ್ ನದಿಯ ಬಯಲಿನಲ್ಲಿಯೇ ತೀರಿಕೊಂಡಿದ್ದಳು. ಕಿರಿಯ ತಮ್ಮ ಕ್ಲಾರ್ಕನು ಸ್ವೀಟ್‌ವಾಟರ್ ನದಿಯಲ್ಲಿ ಮುಳುಗಿ ಹೋಗಿದ್ದನು.

ಇಷ್ಟು ಹೇಳಿ ಆ ವೃದ್ಧೆ ಸುಮ್ಮನಾದಳು. ಪಕ್ಕದಲ್ಲಿದ್ದ ನನ್ನ ಸೊಸೆಯ ಮುಖವನ್ನು ನಾನು ನೋಡಿದೆನು. ಆಕೆ ಬಣ್ಣದ ಗಾಜಿನ ಕಡೆ ತಿರುಗಿಕೊಂಡಿದ್ದಳು.

ಮಧ್ಯಾಹ್ನ ನಾವು ಊರಿನ ಉದ್ಯಾನದಲ್ಲಿ ಬುತ್ತಿ ಬಿಚ್ಚಿದೆವು. ಮೀಕರನು 1862ರಲ್ಲಿ ಈ ಕಣಿವೆಗೆ ಬಂದು ನೆಲೆಸಿದ ಗುಡಿಸಲು ಇದ್ದುದು ಅಲ್ಲಿಯೇ. ಗುಡಿಸಲು ಹೋಗಿದೆ, ಎಲೈಜಾ ನೆಟ್ಟ ಐವಿ ಬಳ್ಳಿಯು ಮಾತ್ರ, ಅದಕ್ಕೆಂದೇ ಎಬ್ಬಿಸಿದ ಚಪ್ಪರವನ್ನು ತುಂಬಿಕೊಂಡು, ಈಗಲೂ ಚಿಗುರುತ್ತಿದೆ. ಮಗು ತಂದಿದ್ದುದು ಚಪಾತಿ, ಮೊಸರನ್ನ ಮತ್ತು ಆ ಸೀಮೆಯಲ್ಲಿ ಹೇರಳವಾಗಿ ಬೆಳೆಯುವ ರೂಬಾರ್ಬ್ ಎಂಬ ಕೆಂಪು ದಂಟಿನ ಗೊಜ್ಜು. ಅಲ್ಲಿಯವರು ಅದಕ್ಕೆ ಸಕ್ಕರೆ ಸುರಿದು ಕಡುಬಿನಂಥ ಸಿಹಿಭಕ್ಷ್ಯ ಮಾಡುವರು. ನಮ್ಮವರು ಅದರ ಹುಳಿಯನ್ನು ಗುರುತಿಸಿ, ಬೆಲ್ಲ ಮೆಣಸು ಕೂಡಿಸಿ, ಸಾಸಿವೆಯ ಒಗ್ಗರಣೆ ಕೊಟ್ಟಿರುವರು. ನನಗೆ ಅದು ಬಹಳ ರುಚಿಸಿತು. “ಅಮ್ಮ ಇದ್ದಿದ್ರೆ ಇದಕ್ಕೆ ಇನ್ನೇನೋ ಒಂದು ಹಾಕ್ತಿದ್ಲು,” ಎಂದಳು ಮಗು.

ಎಜ್ರಾ ಈ ಕಣಿವೆಗೆ ಬಂದದ್ದು ಸಾಲಗಾರನಾಗಿ. ಸ್ಟಿಲಕಮ್ ಎಂಬ ಕರಾವಳಿಯ ಪೇಟೆಯಲ್ಲಿ ತಂದೆಮಕ್ಕಳು ಅಂಗಡಿಯೊಂದನ್ನು ನಡೆಸುತ್ತಿದ್ದರು. 1860ರ ಜನವರಿಯಲ್ಲಿ ಸಾಮಾನು ಕೊಂಡು ಹಿಂದಿರುಗುತ್ತಿದ್ದ ಆಲಿವರನು ‘ನಾರ್ದರ್ನರ್’ ಎಂಬ ಹಡಗು ಕ್ಯಾಲಿಫೋರ್ನಿಯಾದ ತೀರದಲ್ಲಿ ಒಡೆದಾಗ ನೀರುಪಾಲಾದನು, ಅಂಗಡಿಯೂ ಸಾಲದಲ್ಲಿ ಮುಳುಗಿತು. ತಾಯಿಯನ್ನು ಕರೆತರಹೋದ ಮಗನನ್ನೂ ಹೀಗೆ ಪಡುವಣದ ಕಡಲು ಕೊಂಡಿತು. ಮುಂದೆ 1865ರಲ್ಲಿ, ಒಲಿಂಪಿಯಾದ ಬಿಯರ್ ತಯಾರಕನೊಬ್ಬನಿಂದ ದೊರೆತ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಎಂಬ ಬಳ್ಳಿಯ ಬೇರುಗಳನ್ನು ತಂದೆ ಜೇಕಬನು ಹಂಚಿಕೊಟ್ಟನು. ಜ್ವಾಲಾಮುಖಿಯ ಬೂದಿಯೂ ನದಿಯ ಮೆಕ್ಕಲೂ ಕೂಡಿದ ಆ ನೆಲದಲ್ಲಿ ಬಳ್ಳಿಗಳು ಊಹಿಸಲಾಗದಂತೆ ಹಬ್ಬಿದವು. ಕೊಯ್ಲಿನ ಕಾಲಕ್ಕೆ ಬ್ರಿಟಿಷ್ ಕೊಲಂಬಿಯಾದಿಂದಲೂ ಅಲಾಸ್ಕದಿಂದಲೂ ಮೂಲನಿವಾಸಿಗಳು ದೋಣಿಗಳಲ್ಲಿ ಸಂಸಾರಸಮೇತ ಬಂದು ಕಾಯಿ ಬಿಡಿಸುತ್ತಿದ್ದರು. ಎಜ್ರಾ ಲಂಡನ್ನಿನವರೆಗೂ ಸರಕು ಕಳುಹಿಸಿದನು, ಆ ಬೆಳೆಯನ್ನು ಕುರಿತು ಗ್ರಂಥವನ್ನೂ ಬರೆದನು. ನಾನು ನೋಡಿದ ಮಹಲು ಎದ್ದದ್ದು ಆ ಹಣದಿಂದ.

1890ರ ದಶಕದ ಆರಂಭದಲ್ಲಿ ಹೇನು ಬಿದ್ದಿತು. ಎಲೆಯ ಅಡಿಯಲ್ಲಿ ಕುಳಿತು ರಸ ಹೀರುವ ಆ ಕೀಟವು ಕೆಲವೇ ವರ್ಷಗಳಲ್ಲಿ ಕಣಿವೆಯ ಬೆಳೆಯನ್ನೆಲ್ಲ ನಾಶಮಾಡಿತು. ಸೊರಗು ರೋಗ ತಗಲಿ ಒಂದೇ ಮಳೆಗಾಲದಲ್ಲಿ ಮೆಣಸಿನ ಬಳ್ಳಿಗಳೆಲ್ಲ ಅಡಕೆಮರದಿಂದ ಕಳಚಿ ಬಿದ್ದ ತೋಟವನ್ನು ಕಂಡವರಿಗೆ ಆ ದೃಶ್ಯವನ್ನು ವಿವರಿಸಬೇಕಾಗಿಲ್ಲ. ಮೀಕರನು ನೆರೆಯ ಬೆಳೆಗಾರರಿಗೆ ಬೆಳೆಯ ಮೇಲೆ ಮುಂಗಡವಾಗಿ ಕೊಟ್ಟಿದ್ದ ಲಕ್ಷ ಡಾಲರಿಗೂ ಮಿಕ್ಕ ಹಣವು ಮುಳುಗಿತು. ಆತನು ಯಾರ ಮೇಲೆಯೂ ದಾವೆ ಹೂಡಲಿಲ್ಲ, ಯಾರ ಹೊಲವನ್ನೂ ಕಟ್ಟಿಸಿಕೊಳ್ಳಲಿಲ್ಲ. ಸಾಲವನ್ನು ಮನ್ನಾ ಮಾಡಿದನು. ಮಹಲಿನ ವೈಭವಕ್ಕಿಂತ ಈ ಒಂದು ನಡತೆಯನ್ನು ಕೇಳಿದಾಗ ಆ ಮನುಷ್ಯನ ಮೇಲೆ ನನಗೆ ಹೆಚ್ಚಿನ ಗೌರವ ಹುಟ್ಟಿತು. ಋಣಪತ್ರದಲ್ಲಿ ಕಾಲಿಟ್ಟು ತೋಟವನ್ನೇ ಕಳೆದುಕೊಂಡ ಮನೆಗಳನ್ನು ನಮ್ಮ ಸೀಮೆಯಲ್ಲಿ ನಾನು ಬಲ್ಲೆ.

ಆದರೆ ಆತನಿಗಿಂತ ಮೊದಲು ಆ ನೆಲದಲ್ಲಿ ಇದ್ದವರ ಮಾತು? ಇದನ್ನು ತಿಳಿಯದೆ ಬರಲು ಮನಸ್ಸಾಗದೆ, ಮರುದಿನ ನಾವು ನಿಸ್ಕ್ವಾಲಿ ನದಿಯು ಕಡಲನ್ನು ಸೇರುವ ಜೌಗುನೆಲಕ್ಕೆ ಹೋದೆವು. ಭರತದ ನೀರು ಮೆಲ್ಲನೆ ಏರುತ್ತಿದ್ದ ಆ ವಿಶಾಲವಾದ ಹುಲ್ಲುಗಾವಲಿನ ಮೇಲೆ ಮರದ ಹಲಗೆಗಳ ಕಾಲುದಾರಿಯಿದೆ. ಅಲ್ಲಿಂದ ಅನತಿದೂರದ ಮೆಡಿಸಿನ್ ತೊರೆಯ ಬಳಿ, 1854ರ ಡಿಸೆಂಬರ್ 26ರಂದು, ಅಂದರೆ ಫೀಬಿ ಸತ್ತ ವರ್ಷದಲ್ಲಿಯೇ, ನಿಸ್ಕ್ವಾಲಿ, ಪ್ಯುಯಾಲಪ್ ಮೊದಲಾದ ಜನಾಂಗಗಳಿಂದ ಇಪ್ಪತ್ತು ಲಕ್ಷ ಎಕರೆಗಳಿಗೂ ಮಿಕ್ಕ ನೆಲವನ್ನು ಸರ್ಕಾರವು ಕರಾರಿನ ಮೂಲಕ ಬರೆಸಿಕೊಂಡಿತು. ನದಿಯಿಂದ ಬದುಕಿದ ನಿಸ್ಕ್ವಾಲಿ ಜನರಿಗೆ ದೊರೆತದ್ದು ನದಿಯಿಲ್ಲದ ಕಲ್ಲುದಿಣ್ಣೆ. ಅವರ ಮುಖಂಡನಾದ ಲೆಶೈ ಅದನ್ನು ಒಪ್ಪಲಿಲ್ಲ, ಯುದ್ಧವಾಯಿತು. ಒಬ್ಬ ಸೈನ್ಯಾಧಿಕಾರಿಯ ಕೊಲೆಯ ಆರೋಪವನ್ನು ಹೊರಿಸಿ ಲೆಶೈಯನ್ನು 1856ರ ನವೆಂಬರಿನಲ್ಲಿ ವಿಚಾರಣೆಗೆ ನಿಲ್ಲಿಸಿದರು. ಆ ದಿನದ ಪಂಚರಲ್ಲಿ ಎಜ್ರಾ ಮೀಕರನೂ ಒಬ್ಬನು. ಊರಿಗೆ ಊರೇ ಸೇಡಿಗಾಗಿ ಕಾದಿದ್ದ ಹೊತ್ತಿನಲ್ಲಿ, ಯುದ್ಧದಲ್ಲಾದ ಸಾವು ಕೊಲೆಯಾಗದೆಂದೂ ಆರೋಪಕ್ಕೆ ತಕ್ಕ ಸಾಕ್ಷ್ಯವಿಲ್ಲವೆಂದೂ ಕಂಡುಕೊಂಡು, ಆತನೂ ಇನ್ನೊಬ್ಬನೂ ಬಿಡುಗಡೆಯ ಪಕ್ಷವನ್ನು ಬಿಡದೆ ಹಿಡಿದರು. ಪಂಚರು ಒಮ್ಮತಕ್ಕೆ ಬಾರದೆ ವಿಚಾರಣೆ ಮುರಿಯಿತು. ಎರಡನೆಯ ವಿಚಾರಣೆಯಲ್ಲಿ ಬೇರೆ ಪಂಚರು ಶಿಕ್ಷೆಗೆ ಒಪ್ಪಿದರು. 1858ರ ಫೆಬ್ರವರಿ 19ರಂದು ಲೆಶೈಯನ್ನು ಗಲ್ಲಿಗೇರಿಸಲಾಯಿತು. ಮೀಕರನು 1905ರಲ್ಲಿ ಈ ಅನ್ಯಾಯವನ್ನು ಕುರಿತು ಪುಸ್ತಕ ಬರೆದನು. ವಾಷಿಂಗ್ಟನ್ ಸಂಸ್ಥಾನದ ನ್ಯಾಯಮೂರ್ತಿಗಳು ಕುಳಿತಿದ್ದ ಚಾರಿತ್ರಿಕ ನ್ಯಾಯಮಂಡಲಿಯೊಂದು ಲೆಶೈ ನಿರ್ದೋಷಿಯೆಂದು ಸಾರಿದ್ದು 2004ರಲ್ಲಿ.

ಆ ಹಲಗೆದಾರಿಯ ಬೆಂಚಿನ ಮೇಲೆ ನಮ್ಮೊಡನೆ ಕುಳಿತಿದ್ದ ನಿಸ್ಕ್ವಾಲಿ ಜನಾಂಗದ ಒಬ್ಬ ಹಿರಿಯನು, ಮೀಕರನ ವಿಷಯವನ್ನು ನಾನು ತೆಗೆದಾಗ, ಆತನು ನ್ಯಾಯವಾಗಿ ನಡೆದುಕೊಂಡನೆಂದು ಒಪ್ಪಿದನು; ಒಪ್ಪಿ, ಬಳಿಕ ಮೀನಿನ ಮಾತನ್ನಾಡಿದನು. ಕರಾರಿನಲ್ಲಿ ಉಳಿಸಿಕೊಂಡಿದ್ದ ಮೀನು ಹಿಡಿಯುವ ಹಕ್ಕಿಗಾಗಿ ತನ್ನವರು ಎಷ್ಟು ಸಾರಿ ಬಂಧನಕ್ಕೊಳಗಾದರು, ಬಿಲ್ಲಿ ಫ್ರ್ಯಾಂಕ್ ಎಂಬ ಮುಂದಾಳು ಹದಿನಾಲ್ಕನೆಯ ವಯಸ್ಸಿನಿಂದ ಐವತ್ತಕ್ಕೂ ಹೆಚ್ಚು ಸಾರಿ ಹೇಗೆ ಸೆರೆಯಾದನು, ಕೊನೆಗೆ 1974ರಲ್ಲಿ ನ್ಯಾಯಾಧೀಶ ಬೋಲ್ಟ್ ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಅವರದೆಂದು ಹೇಗೆ ತೀರ್ಪಿತ್ತನು ಎಂಬುದನ್ನೆಲ್ಲ ಆತನು ನಿನ್ನೆ ನಡೆದಂತೆ ಹೇಳಿದನು. ಮೀಕರನ ಮನೆತನವು ಕಳೆದುಕೊಂಡದ್ದನ್ನು ಕೇಳಿ ಕಣ್ಣು ಒದ್ದೆ ಮಾಡಿಕೊಂಡಿದ್ದ ನಾನು, ಈ ಹಿರಿಯನ ಮುಂದೆ ಕುಳಿತು, ಆ ದುಃಖವು ಎಂಥ ಇನ್ನೊಂದು ದುಃಖದ ನೆಲದ ಮೇಲೆ ನಿಂತಿದೆಯೆಂಬುದನ್ನು ಅರಿತೆನು. ಒಂದು ದುಃಖವು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ಎರಡನ್ನೂ ಒಟ್ಟಿಗೆ ಹೊತ್ತುಕೊಂಡೇ ಆ ನಾಡನ್ನು ನೋಡಬೇಕಾಗಿದೆ.

ಮೀಕರನ ಮುಪ್ಪಿನ ಪ್ರಯಾಣದ ಮೊದಲ ಕುರುಹುಗಳಲ್ಲೊಂದು ಟೆನೈನೋ ಎಂಬ ಸಣ್ಣ ಊರಿನಲ್ಲಿದೆ. ಮರಳುಗಲ್ಲಿನ ಗಣಿಗಳಿಂದ ಹೆಸರಾದ ಆ ಊರು, 1931ರಲ್ಲಿ ಬ್ಯಾಂಕು ಮುಳುಗಿದಾಗ ಮರದ ಚಕ್ಕೆಗಳ ಮೇಲೆ ಹಣವನ್ನು ಅಚ್ಚುಹಾಕಿಸಿ ವ್ಯವಹಾರ ನಡೆಸಿದ ಊರು. 1906ರ ಜನವರಿಯಲ್ಲಿ ಟ್ವಿಸ್ಟ್ ಮತ್ತು ಡೇವ್ ಎಂಬ ಎತ್ತುಗಳನ್ನು ಹೂಡಿ ಹೊರಟ ಮುದುಕನು ಫೆಬ್ರವರಿ 21ರಂದು ಇಲ್ಲಿ ಕಲ್ಲು ನಿಲ್ಲಿಸಿದನು. ಹೊರಡುವಾಗ ನೆಂಟರಿಷ್ಟರು ಬೇಡವೆಂದರು, ದಾರಿಯಲ್ಲಿಯೇ ಸಾಯುವೆಯೆಂದರು. ಸತ್ತದ್ದು ಟ್ವಿಸ್ಟ್ ಎಂಬ ಎತ್ತು, ನೆಬ್ರಾಸ್ಕಾದಲ್ಲಿ. ಅದರ ಜಾಗಕ್ಕೆ ಡ್ಯಾಂಡಿ ಎಂಬ ಎತ್ತು ಬಂದಿತು. ಉತ್ತ ಹೊಲಗಳಲ್ಲಿ ಅಡಗಿ ಹೋಗುತ್ತಿದ್ದ ಹಾದಿಯನ್ನು ಹುಡುಕಿ, ಊರಿನವರನ್ನು ಕೂಡಿಸಿ, ಶಾಲೆಯ ಮಕ್ಕಳಿಂದ ಚಿಲ್ಲರೆ ಕಾಸನ್ನು ಸಂಗ್ರಹಿಸಿ, ಕಲ್ಲು ನೆಡಿಸುತ್ತ, 1907ರ ನವೆಂಬರಿನಲ್ಲಿ ರಾಜಧಾನಿಯನ್ನು ಸೇರಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರಿಗೆ ತನ್ನ ಎತ್ತಿನ ಗಾಡಿಯನ್ನು ತೋರಿಸಿದನು. ಆಮೇಲೆ ಅದೇ ಹಾದಿಯನ್ನು ಮೋಟಾರಿನಲ್ಲಿಯೂ, 1924ರಲ್ಲಿ ವಿಮಾನದಲ್ಲಿಯೂ ಹಾಯ್ದನು. ಇದನ್ನೆಲ್ಲ ಸಾಹಸವೆಂದೂ ದೇಶಾಭಿಮಾನವೆಂದೂ ಬರೆದವರಿದ್ದಾರೆ, ಅದು ದಿಟವೇ. ಆದರೆ ಪ್ಲ್ಯಾಟ್ ನದಿಯ ಬಯಲನ್ನೂ, ತಮ್ಮನು ಮುಳುಗಿದ ಸ್ವೀಟ್‌ವಾಟರಿನ ತೀರವನ್ನೂ ಎತ್ತುಗಳ ನಡಿಗೆಯಲ್ಲಿ ಮೆಲ್ಲಮೆಲ್ಲನೆ ಹಾದುಹೋಗುವಾಗ ಆತನು ಮೊದಲಿಗೆ ಒಬ್ಬ ಮಗನಾಗಿದ್ದನು, ಅಣ್ಣನಾಗಿದ್ದನು ಎಂದು ನಾನು ನಂಬಿದ್ದೇನೆ.

ನಾವು ಕೊನೆಗೆ ಕ್ಯಾಸ್ಕೇಡ್ ಪರ್ವತಗಳನ್ನು ದಾಟಿ ಪೂರ್ವಕ್ಕೆ ಯಾಕಿಮಾ ಕಣಿವೆಯವರೆಗೆ ಹೋದೆವು. ನಾಚೀಸ್ ಕಣಿವೆದಾರಿ ಈಗಲೂ ಕಾಡಿನ ಜಾಡಾಗಿಯೇ ಉಳಿದಿದೆ. ಹೆದ್ದಾರಿ ಅದರ ದಕ್ಷಿಣಕ್ಕೆ ಚಿನೂಕ್ ಘಾಟಿಯನ್ನು ಏರಿ ಇಳಿಯುತ್ತದೆ. ಆಗುಂಬೆಯನ್ನು ಬಿಟ್ಟು ಮೂಡಣಕ್ಕೆ ಹೋದಂತೆ ಮಳೆಯೂ ಕಾಡೂ ತೆಳುವಾಗಿ ಬಯಲುಸೀಮೆ ತೆರೆದುಕೊಳ್ಳುವುದನ್ನು ನಾವು ಬಲ್ಲೆವು; ಅಲ್ಲಿ ಆ ಮಾರ್ಪಾಟು ಇನ್ನೂ ಹಠಾತ್ತಾಗಿ, ಕೆಲವೇ ತಿರುವುಗಳ ಅಂತರದಲ್ಲಿ ಆಗುತ್ತದೆ. ಯಾಕಿಮಾದ ಒಣನೆಲದಲ್ಲಿ, ನದಿಯ ನೀರು ಹಾಯಿಸಿ, ಹದಿನೆಂಟು ಅಡಿಗಳಷ್ಟು ಎತ್ತರಕ್ಕೆ ಕಟ್ಟಿದ ತಂತಿಗಳ ಮೇಲೆ ಮೈಲಿಗಟ್ಟಲೆ ಹಾಪ್ಸ್ ಬಳ್ಳಿಗಳನ್ನು ಹಬ್ಬಿಸಿದ್ದಾರೆ. ಪ್ಯುಯಾಲಪ್ ಕೈಬಿಟ್ಟ ಬೆಳೆಯು ಪರ್ವತದ ಈಚೆಗೆ ಬಂದು ಬಾಳಿದೆ. ಕೊಯ್ಲು ನಡೆಯುತ್ತಿತ್ತು, ಗಾಳಿಯಲ್ಲೆಲ್ಲ ಅದರ ಕಹಿಗಂಪು. ಕೆಲಸದಲ್ಲಿದ್ದವರು ಬಹುಮಂದಿ ಮೆಕ್ಸಿಕೋದಿಂದ ಬಂದವರು.

ಹಿಂದಿರುಗುವಾಗ ಘಾಟಿಯ ಮೇಲೆ ಕಾರನ್ನು ನಿಲ್ಲಿಸಿ, ಮಗು ಬಹಳ ಹೊತ್ತು ಸುಮ್ಮನಿದ್ದು, “ಮಾವ, ಅಮ್ಮನ್ನ ಇಲ್ಲಿಗೇ ಕರೆಸ್ಕೊಂಡುಬಿಡೋಣ ಅಂತ ಎರಡು ವರ್ಷದಿಂದ ಹೇಳ್ತಾ ಇದೀನಿ. ಅಪ್ಪ ಹೋದ್ಮೇಲೆ ಅಷ್ಟು ದೊಡ್ಡ ಮನೇಲಿ ಒಬ್ಳೇ. ಕರೆಯೋದು ಸರೀನಾ?” ಎಂದು ಕೇಳಿದಳು. ಸರಿಯೆಂದಾಗಲಿ ತಪ್ಪೆಂದಾಗಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಎಜ್ರಾನು ಕಾಗದ ಬರೆದದ್ದು ಪ್ರೀತಿಯಿಂದ. ಬರೆಯದಿದ್ದರೆ ಫೀಬಿ ಇಂಡಿಯಾನಾದ ಹೊಲದಲ್ಲಿ, ಮಕ್ಕಳ ಮುಖವನ್ನು ಮತ್ತೆ ಕಾಣದೆ, ಮುದುಕಿಯಾಗಿ ಸಾಯುತ್ತಿದ್ದಳು; ಅದನ್ನೇ ಆಕೆ ಬಯಸುತ್ತಿದ್ದಳೆಂದು ಹೇಳಲು ನಾವು ಯಾರು? “ನೀನು ಕರೆ. ಬರೋದು ಬಿಡೋದು ಅವಳು ತೀರ್ಮಾನ ಮಾಡ್ಲಿ. ಅವಳ ಪರವಾಗಿ ನಾವು ಮಾಡೋದು ಬೇಡ,” ಎಂದಷ್ಟೇ ಹೇಳಿದೆನು.

ಊರಿಗೆ ಬಂದವನೇ ಅಕ್ಕನ ಮನೆಗೆ ಹೋಗಿ, ಜಗಲಿಯಲ್ಲಿ ಕುಳಿತು, ಈ ಕಥೆಯನ್ನೆಲ್ಲ ಹೇಳಿದೆನು. ಅಡಕೆ ಸುಲಿಯುವ ಮೆಟ್ಟುಗತ್ತಿಗಳನ್ನು ಒರೆಸಿಡುತ್ತಿದ್ದ ಅಕ್ಕ ಕೈ ನಿಲ್ಲಿಸದೆ ಕೇಳಿದಳು. ಫೀಬಿಯ ವಯಸ್ಸೆಷ್ಟೆಂದು ವಿಚಾರಿಸಿದಳು, ಐವತ್ತು ದಾಟಿತ್ತೆಂದೆ. “ಪಾಪ, ನನಗಿಂತ ಚಿಕ್ಕೋಳು,” ಎಂದಳು. ಮಗನ ವಿಷಯವಾಗಿ ಏನನ್ನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಅಲ್ಲಿ ಹುಣಿಸೆಹಣ್ಣು ಸಿಗುತ್ತದೆಯೇ, ಚಳಿ ಎಷ್ಟು ತಿಂಗಳು, ಆ ಕೆಂಪು ದಂಟಿನ ಗೊಜ್ಜಿಗೆ ಮಗಳು ಎಳ್ಳು ಹುರಿದು ಹಾಕಿದ್ದಳೇ ಎಂದು ಒಂದೊಂದಾಗಿ ಕೇಳಿದಳು. ಎಳ್ಳು ಹಾಕಿರಲಿಲ್ಲವೆಂದೆ. “ಅದಕ್ಕೇ ಮತ್ತೆ,” ಎಂದು ಅಕ್ಕ ಕತ್ತಿಗಳನ್ನು ಒಳಗಿಡಲು ಎದ್ದವಳು ಬಾಗಿಲಲ್ಲಿ ತಿರುಗಿ, “ಈ ವರ್ಷದ ಕೊನೆಕೊಯ್ಲು ಮುಗೀಲಿ ಕಣೋ, ಆಮೇಲೆ ನಾನೇ ಅವಳಿಗೆ ಫೋನ್ ಮಾಡಿ ಹೇಳ್ತೀನಿ,” ಎಂದಳು.